ಕೆಂಪು ಕಾರಿಗೆ ಹಲ್ಲಿನ ಡಾಕ್ಟರು

"ನನ್ನ ಕಣ್ಣಿಗೆ ಮಣ್ಣೆರಚೋ ಹಳೇ ಮಾಲು ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ!" ಎಂದು ಹಲ್ಲಿನ ಡಾಕ್ಟರು ಭಾನುವಾರ ಬೆಳಿಗ್ಗೆ ಶೂ ಲೇಸು ಬಿಗಿಯುತ್ತಾ ಘೋಷಿಸಿದರು.

"ಹಳೇ ಮಾಲು ಹುಟ್ಟೋದಿಲ್ಲ ಕಣ್ರೀ, ಆಗೋದು" ಎಂದರು ಹೆಂಡತಿ.

"ಬಾಯಿ ತೆಗೆಸಿ ಒಂದು ಸಲ ಇಣುಕಿದ್ರೆ ಸಾಕು, ಮನುಷ್ಯನ ವಯಸ್ಸು, ಚಟ, ಸುಳ್ಳು ಎಲ್ಲಾ ಹೇಳಿಬಿಡ್ತೀನಿ. ಇನ್ನು ಒಂದು ಕಾರು ಯಾವ ಲೆಕ್ಕ?"

ಅದು ಬರೀ ಕಾರಲ್ಲ. ಮೇಲ್ಛಾವಣಿ ಮಡಚುವ, ಎರಡೇ ಸೀಟಿನ, ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ಪತ್ರಿಕೆಯ ಮೂಲೆಯಲ್ಲಿ ಅದರ ಜಾಹೀರಾತು ಕಂಡಂದಿನಿಂದ ಡಾಕ್ಟರಿಗೆ ಊಟ ರುಚಿಸುತ್ತಿರಲಿಲ್ಲ. ಕೈಯಲ್ಲಿದ್ದ ಹಣವೋ, ಕ್ಲಿನಿಕ್ಕಿನ ಹೊಸ ಕುರ್ಚಿಗೆಂದು ಕೂಡಿಟ್ಟದ್ದು. ಈಗಿನ ಕುರ್ಚಿ ರೋಗಿ ಕೂತೊಡನೆ ನಿಟ್ಟುಸಿರು ಬಿಟ್ಟು ತಾನಾಗಿಯೇ ಕೆಳಗಿಳಿಯುತ್ತಿತ್ತು! ಆದ್ದರಿಂದ ಗಂಡ ಹೆಂಡಿರ ನಡುವೆ ಒಂದು ಒಪ್ಪಂದವಾಗಿತ್ತು: ಬೆಲೆ ನ್ಯಾಯವಾಗಿದ್ದರೆ ಕಾರು, ಇಲ್ಲದಿದ್ದರೆ ಕುರ್ಚಿ.

ಹೆಂಡತಿ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ರೋಗಿಗಳನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸುವವರು. ಗಂಡ ಒಳಗೆ ಆಡುವ ಮಾತೆಲ್ಲ ತೆಳು ಗೋಡೆ ದಾಟಿ ಬಂದು ಅವರಿಗೆ ಬಾಯಿಪಾಠವಾಗಿತ್ತು.

"ನೋಡಿ, ಅಲ್ಲಿ ಮುಖ ಗಂಟು ಹಾಕ್ಕೊಂಡಿರಿ. ಕಂಡ ಕುಂದನ್ನೆಲ್ಲ ಜೋರಾಗಿ ಹೇಳಿ. ದಯವಿಟ್ಟು ಕ್ಲಿನಿಕ್ ಮಾತು ಮಾತ್ರ ಬೇಡ."

"ಯಾವ ಕ್ಲಿನಿಕ್ ಮಾತು?"

ಹೆಂಡತಿ ಬಾಗಿಲಿಗೆ ಬೀಗ ಹಾಕಿ ತಮ್ಮ ಕಾರು ಹತ್ತಿದರು.

ಕಾರಿನ ಯಜಮಾನರು ಫೋಟೋ ಸ್ಟುಡಿಯೋ ನಡೆಸಿ ಈಗ ಮನೆಯಲ್ಲಿರುವವರು. ತೆಳ್ಳಗೆ, ಬೆಳ್ಳಗೆ, ಮೀಸೆ ಮಾತ್ರ ದಪ್ಪಗೆ. ಶೆಡ್ಡಿನ ಬಾಗಿಲು ತೆರೆದಾಗ ಬಿಸಿಲು ಮೊದಲು ಒಳಗೆ ಹೋಯಿತು, ಕಾರಿನ ಮೂತಿಯ ಮೇಲೆ ಮೆತ್ತಗೆ ಕೂತಿತು. ಡಾಕ್ಟರ ಕಣ್ಣು ಅಲ್ಲೇ ಅಂಟಿಕೊಂಡಿತು. ಆದರೂ ಅವರು ಮುಖ ಗಂಟು ಹಾಕಿಕೊಂಡರು. ಜೇಬಿನಿಂದ ಟಾರ್ಚನ್ನೂ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೂ ತೆಗೆದರು!

"ಎಲ್ಲಿ, ಸ್ವಲ್ಪ ಬಾಯಿ ತೆಗೀರಿ."

ಯಜಮಾನರು ಪಾಪ, ತಮ್ಮ ಬಾಯಿ ತೆಗೆದರು.

"ನಿಮ್ಮದಲ್ಲ. ಬಾನೆಟ್ಟು!" ಎಂದರು ಹೆಂಡತಿ.

ಪರೀಕ್ಷೆ ಆರಂಭವಾಯಿತು. ಮಹಾರಾಜರ ಬಾಯಿಯನ್ನೂ ಯಾರೂ ಹಾಗೆ ನೋಡಿರಲಾರರು! ಎಡ ಬಾಗಿಲಿನ ಕೆಂಪಿಗೂ ಬಲ ಬಾಗಿಲಿನ ಕೆಂಪಿಗೂ ಹೊಂದಾಣಿಕೆಯಿರಲಿಲ್ಲ. ಎಂದರೆ ಎಲ್ಲೋ ಗುದ್ದಿಸಿಕೊಂಡು ಬಣ್ಣ ಬಳಿಸಿಕೊಂಡಿದೆ. ಟೈರುಗಳು ಒಳಬದಿಯಲ್ಲಷ್ಟೇ ಸವೆದಿದ್ದವು; ಎಂದರೆ ಚಕ್ರ ನೆಟ್ಟಗೆ ನಿಂತಿಲ್ಲ. ನಾನು ಓಡಿದ್ದು ಬಹಳ ಕಡಿಮೆ ಎಂದು ಮೀಟರು ಹೇಳುತ್ತಿತ್ತು. ಬ್ರೇಕ್ ಪೆಡಲಿನ ರಬ್ಬರು ಮಾತ್ರ ಮುದುಕರ ದವಡೆ ಹಲ್ಲಿನಂತೆ ನುಣ್ಣಗಾಗಿ ನಿಜ ಹೇಳುತ್ತಿತ್ತು.

"ತೊಂದರೆ ಕೊಡೋದು ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ?"

"ತಣ್ಣಗಿದ್ದಾಗ... ಬೆಳಿಗ್ಗೆ ಹೊತ್ತು ಜಾಸ್ತಿ" ಎಂದು ಯಜಮಾನರು ಕೆನ್ನೆ ಹಿಡಿದುಕೊಂಡರು.

ಕೀಲಿ ತಿರುಗಿಸಿದರೆ ಕಾರು ಕೆಮ್ಮಿತು, ಹಿಂದಿನಿಂದ ನೀಲಿ ಹೊಗೆ ಬಿಟ್ಟಿತು. ಎಂಜಿನ್ನು ಎಣ್ಣೆ ಕುಡಿಯುತ್ತಿದೆ! ಡಾಕ್ಟರ ತಲೆಯಲ್ಲಿ ತೀರ್ಪು ಸಿದ್ಧವಾಯಿತು: ಹೇಳುವ ಬೆಲೆಯಲ್ಲಿ ಅರ್ಧ ಕೊಟ್ಟರೆ ಅದೇ ದೊಡ್ಡದು. ಹೆಂಡತಿ ಮೊಣಕೈಯಿಂದ ತಿವಿದು ಸೂಚನೆ ಕೊಟ್ಟರು. ಡಾಕ್ಟರು ಗಂಟಲು ಸರಿಮಾಡಿಕೊಂಡು ತಿರುಗಿದರು.

ಅಲ್ಲೇ ಎಡವಟ್ಟಾದದ್ದು. ಯಜಮಾನರು ಗೋಡೆಗೆ ಒರಗಿ, ಎರಡು ಕೈಗಳನ್ನೂ ಹಿಸುಕಿಕೊಳ್ಳುತ್ತಾ, ಹಣೆಯಲ್ಲಿ ಬೆವರೊಡೆದು ನಿಂತಿದ್ದರು. "ಡಾಕ್ಟರೇ, ತುಂಬಾ ಕೆಟ್ಟಿದೆಯಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ಇಂಥ ಮುಖಗಳಿಗೆ ದಿನವೂ ಸಮಾಧಾನ ಹೇಳಿ ಪಳಗಿದ ನಾಲಿಗೆ ಡಾಕ್ಟರದು. ಅವರ ಅಪ್ಪಣೆ ಕಾಯದೆ ತಾನೇ ಹೊರಟಿತು.

"ಛೆ ಛೆ! ಎಂಥದ್ದೂ ಇಲ್ಲ. ಭಯ ಬೀಳಬೇಡಿ. ಇದೆಲ್ಲಾ ವಯಸ್ಸಿಗೆ ಸಹಜ."

"ರೀ!" ಎಂದರು ಹೆಂಡತಿ.

"ಆ ಹೊಗೆ?"

"ಒಂಚೂರು ಒಳಗಡೆ ಕ್ಲೀನ್ ಮಾಡಿದ್ರೆ ಆಯ್ತು. ನೋವೇ ಗೊತ್ತಾಗಲ್ಲ."

"ರೀ, ಬಾಗಿಲು ಬಣ್ಣ ಹೇಳಿ!"

"ಬಣ್ಣ ಸ್ವಲ್ಪ ಆಚೀಚೆ ಇದೆ. ನಕ್ಕಾಗ ಯಾರಿಗೂ ಕಾಣಿಸಲ್ಲ."

ಯಜಮಾನರ ಕಣ್ಣು ತುಂಬಿ ಬಂತು. "ನೋಡಿದೋರೆಲ್ಲ ಗುಜರಿ, ಗುಜರಿ ಅಂದ್ರು. ಇದರ ಕಾಲ ಮುಗೀತೇನೋ ಅಂತ ಮಾರೋಕಿಟ್ಟೆ. ಕೈ ಬಿಡೋಕೂ ಮನಸ್ಸಿಲ್ಲ, ಅದಕ್ಕೇ ಬೆಲೆ ಜಾಸ್ತಿ ಹೇಳ್ತಿದ್ದೆ. ನಿಜ ಹೇಳಿ, ತೆಗೆದುಹಾಕೋದೇ ವಾಸಿನಾ?"

"ತೆಗೆಯೋ ಮಾತೇ ಆಡಬೇಡಿ!" ಡಾಕ್ಟರು ಅವರ ಭುಜ ತಟ್ಟಿದರು. "ಎಷ್ಟು ಸವೆದ್ರೂ ಸ್ವಂತದ್ದು ಸ್ವಂತದ್ದೇ. ಉಳಿಸಿಕೊಳ್ಳೋಣ."

ಮಾತು ಹೊರಬಿದ್ದ ಮೇಲೆ ಡಾಕ್ಟರಿಗೇ ಕೇಳಿಸಿತು. ಹೆಂಡತಿ ಹಣೆ ಚಚ್ಚಿಕೊಂಡರು. ಯಜಮಾನರು ಡಾಕ್ಟರ ಎರಡೂ ಕೈ ಹಿಡಿದುಕೊಂಡರು.

"ಉಳಿಸಿಕೊಳ್ತೀನಿ! ನಾನು ಮಾರಲ್ಲ ಡಾಕ್ಟರೇ! ನಿಮ್ಮ ಉಪಕಾರ ಹೇಗೆ ತೀರಿಸಲಿ? ಕನಿಷ್ಠ ಮನೆ ತನಕ ಬಿಟ್ಟು ಬರ್ತೀನಿ, ಹತ್ತಿ."

ಇರುವುದು ಎರಡೇ ಸೀಟು. ಒಂದರಲ್ಲಿ ಯಜಮಾನರು ಕೂತಾಗಿತ್ತು. ಡಾಕ್ಟರು ಆಸೆಯಿಂದ ಒಂದು ಕಾಲು ಮುಂದಿಟ್ಟರು. "ನಮ್ಮ ಕಾರನ್ನ ಯಾರು ತರ್ತಾರೆ? ನನಗೆ ಡ್ರೈವಿಂಗ್ ಬರಲ್ವಲ್ಲ" ಎಂದು ಹೆಂಡತಿ ಅದಾಗಲೇ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಂಡಿದ್ದರು!

ಹೀಗೆ ಡಾಕ್ಟರು ತಮ್ಮ ಬೂದು ಬಣ್ಣದ ಸಂಸಾರಸ್ಥ ಕಾರಿನಲ್ಲಿ, ನೀಲಿ ಹೊಗೆ ಕುಡಿಯುತ್ತಾ, ಕನಸಿನ ಹಿಂದೆ ಹೊರಟರು. ಮೊದಲ ತಿರುವಿನವರೆಗೆ ತಮ್ಮ ನಾಲಿಗೆಗೆ ಶಾಪ ಹಾಕಿದರು. ಆಮೇಲೆ ಮರಗಳ ಸಾಲು ಬಂತು. ಮುಂದಿನ ಕಾರಿನಲ್ಲಿ ಹೆಂಡತಿಯ ಜಡೆ ಬಿಚ್ಚಿ, ಕೂದಲು ಗಾಳಿಯಲ್ಲಿ ಹಾರತೊಡಗಿತು. ಎಲೆಗಳ ನೆರಳು ಆ ಕೂದಲ ಮೇಲೆ ಓಡಿ ಓಡಿ ಹೋಗುತ್ತಿತ್ತು. ಎಂಜಿನ್ನಿನ ಸದ್ದನ್ನೂ ಮೀರಿ ಒಂದು ನಗು ಕೇಳಿಸಿತು. ಇಷ್ಟು ದಿನ ಮೇಜಿನ ಹಿಂದೆ ಕೂತು "ಮುಂದಿನವರು ಬನ್ನಿ" ಎನ್ನುತ್ತಿದ್ದ ದನಿಯಲ್ಲಿ ಇಂಥದೊಂದು ನಗುವಿದೆಯೆಂದು ಬಾಯಿ ನೋಡುವ ಡಾಕ್ಟರಿಗೇ ಗೊತ್ತಿರಲಿಲ್ಲ. ಆ ಕೆಂಪು ಕಾರಿಗೆ, ಅದರ ಯಜಮಾನರಿಗೆ, ಕೊನೆಗೆ ತಮ್ಮ ಹಾಳು ನಾಲಿಗೆಗೂ ಅವರು ಒಳಗೊಳಗೇ ಕೈಮುಗಿದರು.

ಮನೆ ಮುಂದೆ ಹೆಂಡತಿ ಇಳಿದರು. ಕೆನ್ನೆ ಕೆಂಪಾಗಿತ್ತು, ಕೂದಲು ದಿಕ್ಕಾಪಾಲಾಗಿತ್ತು. ಯಜಮಾನರು ಕೈಬೀಸಿ, ಕೆಮ್ಮುತ್ತಾ, ಹೊಗೆಯಲ್ಲಿ ಮರೆಯಾದರು.

"ಹೋಗಲಿ ಬಿಡೇ" ಎಂದು ಡಾಕ್ಟರು ಹೆಂಡತಿಯನ್ನೂ ಸಮಾಧಾನಪಡಿಸಲು ಶುರುಮಾಡಿದರು. "ಅದಕ್ಕೆ ಅವರು ಹೇಳಿದ ಬೆಲೆ ದುಪ್ಪಟ್ಟು."

ಹೆಂಡತಿ ಖಾಲಿ ರಸ್ತೆಯನ್ನೇ ನೋಡುತ್ತಾ ನಿಂತಿದ್ದರು.

"ದುಪ್ಪಟ್ಟಂತೆ!" ಎಂದು ಗಂಡನ ಕಡೆ ತಿರುಗಿದರು. "ಏನು ಪರೀಕ್ಷೆ ಮಾಡಿದ್ರೋ ಏನೋ. ನನ್ನ ಕೇಳಿದ್ರೆ, ಇನ್ನೂ ಸ್ವಲ್ಪ ಜಾಸ್ತಿನೇ ಕೊಡಬಹುದಿತ್ತು ಕಣ್ರೀ!"