ಮೇಸ್ತ್ರಿ ಕೈಯ ಬಾಣಂತನ

ಬೇರೆಯವರ ಮನೆಯಲ್ಲಿ ಸೀಮಂತ, ಹೆರಿಗೆ, ಬಾಣಂತನ ಎಲ್ಲ ಸದ್ದಿಲ್ಲದೆ ಆಗಿಹೋಗುತ್ತವೆ. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ಊರಿಗೆಲ್ಲ ಗೊತ್ತಾಗುತ್ತದೆ. ಕಾರಣ ಅಪ್ಪನ ಗಂಟಲು. ಮೂಡಿಗೆರೆ ಹತ್ತಿರದ ಎಸ್ಟೇಟೊಂದರಲ್ಲಿ ಕಾಫಿ ಸಸಿಗಳ ನರ್ಸರಿ ನೋಡಿಕೊಳ್ಳುವ ಮೇಸ್ತ್ರಿಯಾಗಿ ತಲೆ ಹಣ್ಣು ಮಾಡಿಕೊಂಡ ಮನುಷ್ಯ. ಗುಡ್ಡದ ಆ ಬದಿಯ ಆಳುಗಳಿಗೆ ಈ ಬದಿಯಿಂದಲೇ ಕೆಲಸ ಹೇಳಿ ಹೇಳಿ, ಈಗ ಊಟಕ್ಕೆ ಕೂತು ಉಪ್ಪು ಕೇಳಿದರೂ ಅಂಗಳದ ನಾಯಿ ಎದ್ದು ನಿಲ್ಲುತ್ತದೆ. ನನ್ನ ತುಂಬು ತಿಂಗಳಲ್ಲಿ ಅಪ್ಪ ಮಾಡಿದ್ದನ್ನೆಲ್ಲ ನಾಲ್ಕು ಜನರಿಗೆ ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಸೀಮಂತದ ದಿನದ ಪಂಥ

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮಲ್ಲಿ ಪದ್ಧತಿ. ಆದರೆ ನನ್ನ ತವರಿನಲ್ಲಿ ಇರುವುದು ಅಪ್ಪ ಒಬ್ಬನೇ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಆಮೇಲೆ ನನಗೆ ಜಡೆ ಹಾಕಿದ್ದು, ಗಂಜಿ ಕುಡಿಸಿದ್ದು, ಶಾಲೆಗೆ ಬಿಟ್ಟದ್ದು ಎಲ್ಲ ಅಪ್ಪನೇ. ಜಡೆ ಮಾತ್ರ ಮರಕ್ಕೆ ಮೆಣಸಿನ ಬಳ್ಳಿ ಕಟ್ಟಿದ ಹಾಗೆ ಬಿಗಿಯಾಗಿರುತ್ತಿತ್ತು.

ನನ್ನ ಅತ್ತೆಯವರದು ಆಲ್ದೂರು. ಇಬ್ಬರು ಹೆಣ್ಣುಮಕ್ಕಳ ಬಾಣಂತನ ಮಾಡಿ ಮುಗಿಸಿದ ಕೈ ಅವರದು. ಬೀದಿಯಲ್ಲಿ ಯಾವ ಕೂಸು ಅತ್ತರೂ ಹೊಟ್ಟೆನೋವಾ, ಹಸಿವಾ ಎಂದು ಒಳಗೆ ಕೂತೇ ಹೇಳುತ್ತಾರೆ. ಸೀಮಂತಕ್ಕೆ ಬಂದವರು ಎಲ್ಲರ ಎದುರು ಮಾತು ತೆಗೆದರು.

"ಬೀಗರೆ, ಹೆರಿಗೆ ಮೂಡಿಗೆರೇಲೇ ಆಗ್ಲಿ. ಬಾಣಂತನ ಮಾತ್ರ ನಮ್ಮನೇಲಿ. ಬೇಜಾರು ಮಾಡ್ಕೋಬೇಡಿ, ಅದು ಗಂಡಸರ ಕೈಲಿ ಆಗೋ ಕೆಲಸ ಅಲ್ಲ."

"ಅಕ್ಕಾ, ವರ್ಷಾ ವರ್ಷಾ ಲಕ್ಷ ಸಸಿ ಸಾಕ್ದವ ನಾನು. ಒಂದು ಕೂಸು ಸಾಕಕ್ಕೆ ಆಗಲ್ವಾ?" ಎಂದ ಅಪ್ಪ.

"ಸಸಿ ಅಳಲ್ಲ ಬೀಗರೆ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಪ್ಪನ ಮುಖ ಸಣ್ಣಗಾಯಿತು. ನನಗೆ ಸಂಕಟವಾಯಿತು. ಅತ್ತೆ ಒಳ್ಳೆಯವರೇ, ಆದರೆ ನನಗೆ ಅಪ್ಪನ ಮನೆಯೇ ಬೇಕಿತ್ತು. ಅಮ್ಮ ಇಲ್ಲ ಎನ್ನುವುದು ಆ ತಿಂಗಳಲ್ಲಿ ಕಾಡಿದಷ್ಟು ಎಂದೂ ಕಾಡಿರಲಿಲ್ಲ. ಅಪ್ಪನೂ ಹತ್ತಿರ ಇಲ್ಲದಿದ್ದರೆ ಹೇಗೆ ಎಂದು ಹೆದರಿಕೆಯೂ ಆಗುತ್ತಿತ್ತು.

ಅಪ್ಪ ಗಂಟಲು ಸರಿಮಾಡಿಕೊಂಡು ಹೇಳಿದ: "ಕೂಸಿಗೆ ಮೊದಲ ನೀರು ಹಾಕೋ ದಿನ ನೀವೇ ಬನ್ನಿ ಅಕ್ಕ. ಒಂದೇ ಒಂದು ಕೊರತೆ ಕಂಡ್ರೂ ಇಬ್ಬರನ್ನೂ ಕರ್ಕೊಂಡು ಹೋಗಿ. ನಾನು ತುಟಿ ಪಿಟಕ್ ಅನ್ನಲ್ಲ."

ಅತ್ತೆ ಒಪ್ಪಿದರು. ಬಂದವರೆಲ್ಲ ಉಂಡು ಹೊರಟರು. ಕೊನೆಯ ಜೀಪು ತಿರುವು ದಾಟಿದ ಮೇಲೆ ಅಪ್ಪ ನನ್ನ ಪಕ್ಕ ಬಂದು ಕೂತು, ತನಗೆ ಸಾಧ್ಯವಾದಷ್ಟು ಮೆಲ್ಲಗೆ ಕೇಳಿದ: "ಅಲ್ಲ ಮಾರಾಯ್ತಿ, ಈ ಬಾಣಂತನಕ್ಕೆ ಎಂತೆಂತ ಮಾಡ್ಬೇಕು?"

ಗೊಂಬೆ ಎತ್ತಿಕೊಂಡದ್ದು

ಆಸ್ಪತ್ರೆಯಲ್ಲಿ ತುಂಬು ತಿಂಗಳ ಹೆಂಗಸರಿಗೆ ವಾರಕ್ಕೊಮ್ಮೆ ಸಿಸ್ಟರ್ ಒಬ್ಬರು ಪಾಠ ಮಾಡುತ್ತಿದ್ದರು. ನೋವು ಬಂದಾಗ ಉಸಿರು ಹೇಗೆ ಬಿಡಬೇಕು, ಹಾಲು ಹೇಗೆ ಕುಡಿಸಬೇಕು, ಇಂಥವು. ಗಂಡಂದಿರು ಹೊರಗೆ ಮರದ ಕೆಳಗೆ ಮೊಬೈಲು ಒತ್ತುತ್ತ ನಿಂತಿರುತ್ತಿದ್ದರು. ನನ್ನ ಗಂಡನೂ ಆ ಗುಂಪಿನಲ್ಲೇ ಇದ್ದ. ಅಪ್ಪ ಮಾತ್ರ ಒಳಗೆ ಬಂದು ಮುಂದಿನ ಬೆಂಚಿನಲ್ಲಿ ಕೂತ.

ಸಿಸ್ಟರ್ ಕೇಳಿದರು, "ಯಜಮಾನ್ರೆ, ಇದು ಹೆಂಗಸರಿಗೆ. ತವರುಮನೆಯಿಂದ ಯಾರೂ ಬಂದಿಲ್ವಾ?"

"ನಾನೇ ತವರುಮನೆ ಸಿಸ್ಟರ್."

ಕೂಸನ್ನು ಎತ್ತಿಕೊಳ್ಳುವುದನ್ನು ಕಲಿಸಲು ಸಿಸ್ಟರ್ ಒಂದು ಗೊಂಬೆ ಕೊಟ್ಟರು. ಹೆಂಗಸರೆಲ್ಲ ನಾಚಿಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸಿದರೆ, ಅಪ್ಪ ಅದನ್ನು ಪ್ಲಾಸ್ಟಿಕ್ ತೊಟ್ಟೆಯ ಕಾಫಿ ಸಸಿ ಎತ್ತುವ ಹಾಗೆ ಬುಡಕ್ಕೊಂದು ಕೈ, ಕತ್ತಿಗೊಂದು ಕೈ ಕೊಟ್ಟು ಎತ್ತಿದ. "ಸರಿಯಾಗಿದೆ" ಎಂದರು ಸಿಸ್ಟರ್. ಆಮೇಲೆ ಅಪ್ಪನನ್ನು ಹಿಡಿಯುವವರಿಲ್ಲ. ಹಾಲು ಸಾಕಾಗ್ತಿದೆ ಅಂತ ಹೆಂಗೆ ತಿಳಿಯೋದು, ಮೊದಲು ಬರೋ ಹಳದಿ ಹಾಲು ಚೆಲ್ಲಬೇಕಾ ಎಂದೆಲ್ಲ ಕೇಳಿದ. ನಾವು ಕೇಳಲು ನಾಚಿ ಕೂತಿದ್ದ ಪ್ರಶ್ನೆಗಳು ಅವು. ಚೆಲ್ಲಲೇಬಾರದು, ಕೂಸಿಗೆ ಮೊದಲು ಸಿಗಬೇಕಾದ್ದೇ ಅದು ಎಂದರು ಸಿಸ್ಟರ್.

ಕುಡಿಸುವ ರೀತಿ ತೋರಿಸುವ ಹೊತ್ತಿಗೆ ಅಪ್ಪನಿಗೆ ಸಂಕೋಚವಾಯಿತು. ಎದ್ದು ಗೋಡೆಗೆ ಮುಖ ಮಾಡಿ ನಿಂತ. ಗೋಡೆಯಲ್ಲಿ ಹಾಲು ಕುಡಿಸುವ ತಾಯಿಯ ದೊಡ್ಡ ಚಿತ್ರವೇ ಇತ್ತು. ಕಣ್ಣು ಮುಚ್ಚಿಕೊಂಡು ಪೂರ್ತಿ ಪಾಠ ಕೇಳಿದ.

ಮುಗಿಸಿ ಹೊರಗೆ ಬಂದವನೇ ಮರದ ಕೆಳಗಿನ ಗಂಡಸರ ಕಡೆಗೆ ಗಂಟಲು ತೆರೆದ. "ಬೀಜ ಹಾಕಿ ಹೋದ್ರೆ ಮುಗೀತೇನ್ರೋ? ಸಸಿ ನಿಮ್ಮಜ್ಜ ಬಂದು ನೋಡ್ತಾನಾ?"

ಮುಂದಿನ ವಾರ ನನಗೇ ಕೂರಲು ಜಾಗ ಇರಲಿಲ್ಲ.

ಕುಂಬಳಕಾಯಿಗೆ ಎಣ್ಣೆ ನೀರು

ಕೂಸಿಗೆ ನೀರು ಹಾಕುವುದು ಅಂದರೆ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವುದು. ಜಾರಿದರೆ ಕೆಟ್ಟಿತು. ಪಂಥ ನಿಂತಿರುವುದೇ ಅದರ ಮೇಲೆ. ಅಭ್ಯಾಸ ಮಾಡಲು ಅಪ್ಪ ಹಿತ್ತಿಲಿನಿಂದ ಕೂಸಿನ ಗಾತ್ರದ ಒಂದು ಬೂದುಗುಂಬಳ ಕೊಯ್ದು ತಂದ. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕೂತು ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ, ಕಡಲೆಹಿಟ್ಟು, ಅರಿಶಿನ ಹಚ್ಚಿ, ಹದವಾದ ನೀರು ಹೊಯ್ದು, ಹಳೆಯ ಪಂಚೆಯಲ್ಲಿ ಒರೆಸಿ ಸುತ್ತುತ್ತಿದ್ದ. ಜೊತೆಗೆ ಬಾಯಲ್ಲಿ ಏನೋ ಜೋಗುಳ.

ಒಂದು ದಿನ ಪಕ್ಕದ ಮನೆ ಅಕ್ಕ ಮಜ್ಜಿಗೆ ಕೇಳಲು ಹಿತ್ತಿಲ ಕಡೆಯಿಂದ ಬಂದರು. ಬಚ್ಚಲ ತುಂಬ ಹೊಗೆ. ನಡುವೆ ಮೇಸ್ತ್ರಿ, ಕಾಲ ಮೇಲೆ ಅರಿಶಿನ ಬಳಿದ ಕುಂಬಳಕಾಯಿ, ಬಾಯಲ್ಲಿ ಗೊಣಗೊಣ. ಅಕ್ಕ ಮಜ್ಜಿಗೆ ಪಾತ್ರೆ ಅಲ್ಲೇ ಬಿಟ್ಟು ಓಡಿದರು. ಬಸುರಿ ಇರೋ ಮನೆಗೆ ಯಾರೋ ಮಾಟ ಮಾಡ್ಸಿದಾರೆ, ಮೇಸ್ತ್ರಿ ತಾನೇ ಕೂತು ತೆಗೀತಿದಾರೆ ಎಂದು ಮಧ್ಯಾಹ್ನದೊಳಗೆ ಕೆಲಸದವರ ಲೈನ್ ಮನೆಗಳಿಗೆಲ್ಲ ಸುದ್ದಿ ಹರಡಿತು.

ಮರುದಿನ ಲೈನಿನ ಹೆಂಗಸೊಬ್ಬಳು ಕುಡುಕ ಗಂಡನನ್ನು ರಟ್ಟೆ ಹಿಡಿದು ತಂದು ಅಂಗಳದಲ್ಲಿ ನಿಲ್ಲಿಸಿದಳು. "ಮೇಸ್ತ್ರೀ, ಇವ್ರಿಗೂ ಹಂಗೇ ಒಂದ್ಸಲ ತಿಕ್ಕಿ ಬಿಡಿ."

ಅವರನ್ನು ಸಮಾಧಾನ ಮಾಡಿ ಕಳಿಸಿ ನಾನು ಹೇಳಿದೆ, "ಅಪ್ಪ, ಸಾಕು. ನಾಳೆ ಇದನ್ನ ಮಜ್ಜಿಗೆಹುಳಿ ಮಾಡಿಬಿಡ್ತೀನಿ."

ಅಪ್ಪ ಕುಂಬಳಕಾಯಿಯನ್ನು ಎದೆಗವಚಿಕೊಂಡು ನನ್ನ ಮುಖ ನೋಡಿದ. "ಇಷ್ಟು ದಿನ ಎಣ್ಣೆ ನೀರು ಹಾಕಿದೀನಿ ಮಾರಾಯ್ತಿ. ಹುಳಿ ಮಾಡಕ್ಕೆ ಮನಸ್ಸಾದ್ರೂ ಹೆಂಗೆ ಬರ್ತದೆ ನಿಂಗೆ?"

ಜೀಪಿನ ರಿಹರ್ಸಲ್

ಮನೆಯಿಂದ ಡಾಂಬರು ರಸ್ತೆಯವರೆಗೆ ಎಸ್ಟೇಟ್ ದಾರಿ ಪೂರಾ ಹೊಂಡ. ನೋವು ಬಂದಾಗ ತಡಬಡ ಆಗಬಾರದೆಂದು ಅಪ್ಪ ಬಾಡಿಗೆ ಜೀಪಿನ ಡ್ರೈವರನ್ನು ಕರೆಸಿ ರಿಹರ್ಸಲ್ ಶುರುಮಾಡಿದ. ನನ್ನನ್ನು ಕುಲುಕಿಸಬಾರದಲ್ಲ, ಅದಕ್ಕೆ ನನ್ನ ಜಾಗದಲ್ಲಿ ತಾನೇ ಕೂತ. ಬೆನ್ನಿಗೆ ದಿಂಬು, ಮಡಿಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. "ಹೊರಡು!" ಎಂದರೆ ಡ್ರೈವರ್ ಹೊರಡಬೇಕು.

ಮೊದಲ ಸಲ ಆಸ್ಪತ್ರೆ ಬಾಗಿಲಿಗೇ ಹೋಗಿ ನಿಲ್ಲಿಸಿದ್ದಾರೆ. ಅಲ್ಲಿಯವರು ಗಾಲಿ ಕುರ್ಚಿ ತಳ್ಳಿಕೊಂಡು ಓಡಿ ಬಂದು, "ಹೆರಿಗೆ ಯಾರಿಗೆ?" ಎಂದು ಕೇಳಿದ್ದಾರೆ.

ಗಾಬರಿಬಿದ್ದ ಡ್ರೈವರ್ ಹಿಂದೆ ಕೈ ತೋರಿಸಿದ. "ಇವ್ರಿಗೆ."

ಅಪ್ಪನ ಹೊಟ್ಟೆಯೂ ಅಷ್ಟೇನು ಸಣ್ಣದಲ್ಲ. ಅವರು ಒಂದು ಗಳಿಗೆ ಯೋಚಿಸಿದರಂತೆ.

ಇಂಥ ರಿಹರ್ಸಲ್ ಬೇಕಾದಷ್ಟು ನಡೆದು ಡ್ರೈವರನಿಗೂ ಅಪ್ಪನಿಗೂ ಎಲ್ಲ ಬಾಯಿಪಾಠವಾಯಿತು. ಕೊನೆಗೂ ಒಂದು ಬೆಳಿಗ್ಗೆ ಅಕ್ಕಿ ರೊಟ್ಟಿ ತಿನ್ನುವಾಗ ನನಗೆ ನೋವು ಶುರುವಾಯಿತು. ಅಪ್ಪ ಫೋನ್ ಮಾಡಿದ. ಜೀಪು ಬಂತು. ದಿಂಬು, ಚೀಲ, ಫ್ಲಾಸ್ಕು ಹಿಡಿದು ಅಪ್ಪ ಹತ್ತಿ, ಅಭ್ಯಾಸದ ಜಾಗದಲ್ಲಿ ಕೂತು, "ಹೊರಡು!" ಎಂದ. ಜೀಪು ಹೊರಟೇಬಿಟ್ಟಿತು.

ನಾನು ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಿಂತಿದ್ದೆ. ಪಕ್ಕದ ಮನೆ ಅಕ್ಕ ಜೀಪು ಹೋದ ದಿಕ್ಕನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಅಲ್ಲ ಮಾರಾಯ್ತಿ, ಹೆರಿಗೆ ನಿಂಗಾ, ಅಪ್ಪಂಗಾ?"

ಎಸ್ಟೇಟ್ ಗೇಟಿನ ಹತ್ತಿರ, "ಉಸಿರು ಮೆಲ್ಲಗೆ ಬಿಡು ಮಗಳೇ" ಎಂದು ಹೇಳಲು ಪಕ್ಕಕ್ಕೆ ತಿರುಗಿದಾಗಲೇ ಅಪ್ಪನಿಗೆ ಗೊತ್ತಾದದ್ದು. ಜೀಪು ತಿರುಗಿಸಲು ಜಾಗವಿಲ್ಲದೆ ಅಷ್ಟು ದೂರವೂ ಹಿಮ್ಮುಖವಾಗಿ ಬಂತು. ನೋವಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ವಾರ್ಡಿನ ಬಾಗಿಲಲ್ಲಿ

ಮಗಳು ಹುಟ್ಟಿದಳು. ಗಟ್ಟಿಮುಟ್ಟಾಗಿದ್ದಳು, ಗಂಟಲು ಅಪ್ಪನದೇ. ಆದರೆ ಮೊಲೆ ಹಿಡಿಯಲೊಲ್ಲಳು. ಬಾಯಿ ತಂದಿಡುವುದು, ಜಾರುವುದು, ಕಿರುಚುವುದು. ಕಲಿತದ್ದೆಲ್ಲ ನನಗೆ ಮರೆತೇಹೋಗಿ ಅಳು ಬಂತು. ವಾರ್ಡಿನ ಮಿಕ್ಕ ಕೂಸುಗಳೂ ಅವಳಿಗೆ ದನಿಗೂಡಿಸಿದವು. ಸಿಸ್ಟರ್ ಇನ್ನೊಂದು ಹೆರಿಗೆಯಲ್ಲಿದ್ದರು.

ಅಷ್ಟರಲ್ಲಿ ಆಲ್ದೂರಿನಿಂದ ಅತ್ತೆ ಬಂದರು, ಕೈಯಲ್ಲಿ ಬೆಳ್ಳಿ ಬಟ್ಟಲು, ಬಟ್ಟಲಲ್ಲಿ ಜೇನು. "ಅಯ್ಯೋ ಪಾಪ, ಹಾಲು ಇಳಿದಿಲ್ಲ. ಒಂಚೂರು ಜೇನು ನೆಕ್ಕಿಸ್ತೀನಿ, ಸಮಾಧಾನ ಆಗ್ತದೆ" ಎಂದು ಬೆರಳು ಅದ್ದಿದರು.

"ಬೇಡಾ ಅಕ್ಕಾ!"

ಬಾಗಿಲಾಚೆಯಿಂದ ಬಂದ ಆ ಕೂಗಿಗೆ ಕಿಟಕಿ ಗಾಜು ಅದುರಿತು. ಅಪ್ಪ ವಾರ್ಡಿಗೆ ಬೆನ್ನು ಹಾಕಿ ಹೊರಗೆ ನಿಂತಿದ್ದ.

"ಜೇನು ಕೊಡಬಾರ್ದು, ಪಾಠದಲ್ಲಿ ಹೇಳಿದಾರೆ! ಮಗಳೇ, ಅಳಬೇಡ! ಒರಗಿ ಕೂರು! ಕೂಸಿನ ಹೊಟ್ಟೆ ನಿನ್ನ ಹೊಟ್ಟೆಗೆ ತಾಗಲಿ! ನೀನು ಬಗ್ಗಬೇಡ, ಕೂಸನ್ನ ಹತ್ರ ತಗೋ! ಬಾಯಿ ಅಗಲ ತೆರೆಯೋ ತನಕ ಕಾಯಿ! ಕಾಯಿ! ಈಗ ಕೊಡು!"

ಗುಡ್ಡದಾಚೆಯ ಆಳಿಗೆ ಕೆಲಸ ಹೇಳಿದ ಗಂಟಲು ಅದು. ನಾನೊಬ್ಬಳೇ ಅಲ್ಲ, ವಾರ್ಡಿನ ಬಾಣಂತಿಯರೆಲ್ಲ ಒರಗಿ ಕೂತರು, ಕಾದರು, ಕೊಟ್ಟರು. ಒಂದೊಂದೇ ಕೂಸು ಸುಮ್ಮನಾಯಿತು. ನನ್ನ ಮಗಳೂ ಹಿಡಿದಳು. ಲಚ್ ಲಚ್ ಎನ್ನುವ ಸದ್ದು ಬಿಟ್ಟರೆ ವಾರ್ಡಿನಲ್ಲಿ ಬೇರೆ ಸದ್ದಿಲ್ಲ. ನನಗೆ ಮತ್ತೆ ಅಳು ಬಂತು, ಈ ಸಲ ಸಂತೋಷಕ್ಕೆ. ಬೆರಳಿನ ಜೇನನ್ನು ಏನು ಮಾಡುವುದೆಂದು ತೋಚದೆ ಅತ್ತೆ ತಾವೇ ನೆಕ್ಕಿಕೊಂಡರು.

ಆಗಷ್ಟೇ ಡ್ಯೂಟಿಗೆ ಬಂದ ಹೊಸ ಸಿಸ್ಟರ್ ಒಬ್ಬರು ಬಾಗಿಲಲ್ಲಿ ಸಿಡುಕಿದರು. "ಯಾರ್ರೀ ಇವ್ರು? ಬಾಣಂತಿ ವಾರ್ಡಿನ ಹತ್ರ ಗಂಡಸರಿಗೇನು ಕೆಲಸ?"

ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರು: "ಅವ್ರು ಗಂಡಸರಲ್ಲ ಸಿಸ್ಟರ್, ನಮ್ಮ ಬೀಗರು."

ಮೊದಲ ನೀರು

ಆದರೂ ಅತ್ತೆ ಪಂಥ ಬಿಟ್ಟುಕೊಡಲಿಲ್ಲ. "ಬಾಯಲ್ಲಿ ಹೇಳೋದು ಸುಲಭ. ನೀರು ಹಾಕೋ ದಿನ ನೋಡೋಣ" ಎಂದು ಹೋದರು. ಹೊಕ್ಕುಳಬಳ್ಳಿ ಬಿದ್ದು ಒಣಗಿದ ಮೇಲೆಯೇ ನೀರು ಎಂದು ಅಪ್ಪ ಹಟ ಹಿಡಿದ. ಆ ದಿನ ಬಂತು. ಅತ್ತೆ ಬೆಳಿಗ್ಗೆಯೇ ಬಂದಿಳಿದರು. ನನ್ನ ಬಟ್ಟೆಗಳನ್ನು ತುಂಬಿಕೊಳ್ಳಲು ಖಾಲಿ ಬ್ಯಾಗನ್ನೂ ತಂದಿದ್ದರು. ಅದನ್ನು ನೋಡಿ ನಾನು ಕೂಸನ್ನು ಇನ್ನಷ್ಟು ಅವಚಿಕೊಂಡೆ.

ಅವರು ಒಂದೊಂದೇ ಪರೀಕ್ಷೆ ಮಾಡಿದರು. ಹಳೆಯ ಪಂಚೆ ಹರಿದು ಒಗೆದು ಬಿಸಿಲಿಗೆ ಹಾಕಿದ ಬಟ್ಟೆಗಳನ್ನು ಕೆನ್ನೆಗೆ ಒತ್ತಿ ನೋಡಿದರು. ನನಗೆ ಮಾಡಿದ ಬೆಳ್ಳುಳ್ಳಿ ಸಾರು ರುಚಿ ನೋಡಿದರು. ನೀರಿಗೆ ಮೊಣಕೈ ಅದ್ದಿದರು. ಎಲ್ಲೂ ಏನೂ ಸಿಗಲಿಲ್ಲ. ಕೊನೆಗೆ ಬಚ್ಚಲ ಮೂಲೆಯಲ್ಲಿ, ಮಡಿಚಿದ ಗೋಣಿಯ ಮೇಲೆ ಟವೆಲ್ ಹೊದ್ದು ಕೂತಿದ್ದದ್ದು ಕಣ್ಣಿಗೆ ಬಿತ್ತು.

"ಇದೆಂತ ಬೀಗರೆ?"

ಅಪ್ಪ ತಲೆ ಕೆರೆದುಕೊಂಡು ಎಲ್ಲ ಹೇಳಿದ. ಇಲ್ಲಿಗೆ ಮುಗಿಯಿತು, ಆಲ್ದೂರೇ ಗತಿ ಎಂದುಕೊಂಡೆ ನಾನು. ಅತ್ತೆ ಟವೆಲ್ ಸರಿಸಿ ಕುಂಬಳಕಾಯಿಯನ್ನು ಎತ್ತಿಕೊಂಡರು. ಬೂದಿಯೆಲ್ಲ ಹೋಗಿ ಹಸಿರಾಗಿ ಹೊಳೆಯುತ್ತಿತ್ತು. ಕಿಟಕಿ ಬೆಳಕಿಗೆ ಹಿಡಿದು, ಮಗುಚಿ, ಸುತ್ತ ಸವರಿ ನೋಡಿದರು.

"ಎಷ್ಟು ದಿನದಿಂದ ಹಾಕ್ತಿದೀರಿ?"

"ಸೀಮಂತ ಆದಾಗಿಂದ ಅಕ್ಕ. ನಿಲ್ಲಿಸಕ್ಕೆ ಮನಸ್ಸು ಬರಲಿಲ್ಲ."

"ಒಂದು ಗೀರೂ ಇಲ್ಲ" ಎಂದರು ಅತ್ತೆ, ತಮ್ಮಷ್ಟಕ್ಕೆ. ಅದನ್ನು ಗೋಣಿಯ ಮೇಲಿಟ್ಟು, ನನ್ನ ಕೈಯಿಂದ ಕೂಸನ್ನು ಇಸಿದುಕೊಂಡು, ಅಪ್ಪನ ಚಾಚಿದ ಕಾಲ ಮೇಲೆ ಮಲಗಿಸಿದರು.

ಅಪ್ಪನ ಕೈ ತಾನಾಗಿ ನಡೆಯಿತು. ಎಣ್ಣೆ, ಹಿಟ್ಟು, ನೀರು. ಕೂಸು ಒಂದು ಸಲವೂ ಅಳಲಿಲ್ಲ, ಅಪ್ಪನೇ ಅತ್ತ. ಅತ್ತೆ ನೀರು ಮೊಗೆದು ಕೊಡುತ್ತ ಪಕ್ಕದಲ್ಲೇ ಕೂತಿದ್ದರು. ಮುಗಿದ ಮೇಲೆ ಕೂಸನ್ನು ಪಂಚೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಆ ಬ್ಯಾಗಿಗೆ ನಿನ್ನ ಬಟ್ಟೆ ತುಂಬಬೇಡ. ನನ್ನವೇ ತರಿಸ್ಕೊಳ್ತೀನಿ, ನಾಲ್ಕು ದಿನ ನಾನೂ ಇಲ್ಲೇ ಇರ್ತೀನಿ" ಎಂದರು.

ಬಾಗಿಲವರೆಗೆ ಹೋದವರು ನಿಂತು, ಮೂಲೆಯ ಗೋಣಿಯ ಕಡೆ ತಿರುಗಿ ನೋಡಿದರು.

"ಬೀಗರೆ, ಅದಕ್ಕೂ ಎರಡು ಚೊಂಬು ಹಾಕಿಬಿಡಿ. ದೊಡ್ಡ ಕೂಸಲ್ವಾ, ಹೊಟ್ಟೆಕಿಚ್ಚು ಪಟ್ಕೊಳ್ತದೆ."