ಎಲ್ಲರನ್ನೂ ಅಳಿಸು

ಕನ್ನಡಕದಂಗಡಿಯವನು ಸಿಟ್ಟು ಬಂದರೆ ಪತ್ರ ಬರೆಯುತ್ತಿದ್ದ. ಅವನ ಹೆಂಡತಿ ಅದನ್ನು ತಿದ್ದುತ್ತಿದ್ದಳು. ಹೀಗಾಗಿ ಆ ಮನೆಯಿಂದ ಸಿಟ್ಟು ಕೂಡ ಕಾಗುಣಿತ ಶುದ್ಧವಾಗಿಯೇ ಹೊರಬೀಳುತ್ತಿತ್ತು. (ಆಕೆ ಪ್ರಕಾಶನವೊಂದರಲ್ಲಿ ಕರಡು ತಿದ್ದುವವಳು. ಚುಕ್ಕೆಯ ಕೆಳಗೆ ಬಾಲವಿರುವ ಅರ್ಧವಿರಾಮ ಚಿಹ್ನೆ ಎಂದರೆ ಅವಳಿಗೆ ಪಂಚಪ್ರಾಣ. ಹಾಲಿನವನಿಗೆ ಬರೆದಿಡುವ ಚೀಟಿಯಲ್ಲೂ ಒಂದಾದರೂ ಇರಲೇಬೇಕು.)

ಈ ಸಲದ ಸಿಟ್ಟಿಗೆ ಕಾರಣ ಒಂದು ಕರಿ ಪೆಟ್ಟಿಗೆ. ಫೈಲ್ ಸರ್ವರ್ ಅಂತ ಅದರ ಹೆಸರು; ಮನೆಯವರೆಲ್ಲರ ಫೋಟೋ, ಪತ್ರ, ಲೆಕ್ಕಪತ್ರಗಳನ್ನು ಒಂದೇ ಕಡೆ ಇಟ್ಟುಕೊಂಡು ಕೇಳಿದವರಿಗೆ ಕೇಳಿದ್ದನ್ನು ಕೊಡುವ ಉಗ್ರಾಣ. ಅಕ್ಕರೆಯಿಂದ ಕೊಂಡು ತಂದ ಮೇಲೆ ಅದರಲ್ಲೊಂದು ತೂತಿರುವುದು ಅವನಿಗೆ ತಿಳಿಯಿತು. ಫೈಲಿಗೆ ಹೆಸರು ಕೇಳುವ ಜಾಗದಲ್ಲಿ ಹೆಸರು ಬರೆದು, ಅರ್ಧವಿರಾಮ ಹಾಕಿ, ಪಕ್ಕದಲ್ಲಿ ಒಂದು ಆಜ್ಞೆ ಬರೆದರೆ, ಪೆಟ್ಟಿಗೆ ಅದನ್ನೂ ಹೆಸರೆಂದುಕೊಳ್ಳದೆ ಶಿರಸಾವಹಿಸಿ ಪಾಲಿಸಿಬಿಡುತ್ತಿತ್ತು. ಕಂಪನಿಗೆ ದೂರಿದ. "ಹೆಸರಿಡುವಾಗ ಗ್ರಾಹಕರು ಎಚ್ಚರ ವಹಿಸಬೇಕು" ಎಂದು ಉತ್ತರ ಬಂತು.

ಅವನು ಕೆಂಡವಾದ. "ಹೆಸರು ಹೆಸರೇ; ಅದು ಆಜ್ಞೆಯಲ್ಲ. ದಾರಿಹೋಕರು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಮಾಡಿ, ಕೊನೆಗೆ ಹೇಳಿದವರ ಮೇಲೆ ಗೂಬೆ ಕೂರಿಸುವುದು ನಾಚಿಕೆಗೇಡು" ಎಂದು ಬರೆದ. ಅರ್ಧವಿರಾಮ ಹೆಂಡತಿಯ ಕೊಡುಗೆ. ಆಮೇಲೆ ಪೆಟ್ಟಿಗೆಯನ್ನು ಅಟ್ಟಕ್ಕೆಸೆದು, ಹಳೇ ಕಂಪ್ಯೂಟರಿನ ಕರುಳು ಬಗೆದು ತಾನೇ ಒಂದನ್ನು ಕಟ್ಟಿದ. ಯಾರಿಂದಲೂ ಕಲಿತವನಲ್ಲ, ಅದನ್ನು ದಿನಕ್ಕೆರಡು ಸಲ ಹೇಳಿಕೊಳ್ಳುತ್ತಲೂ ಇದ್ದ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಅದರ ಪ್ರತಿಷ್ಠಾಪನೆಯಾಯಿತು.

"ಇದರಲ್ಲಿ ತೂತಿಲ್ವಾ?" ಹೆಂಡತಿ ಕೇಳಿದಳು.

"ಇಂಗ್ಲಿಷ್ ಆಜ್ಞೆ ಎಲ್ಲಾ ಬಂದ್ ಮಾಡಿದೀನಿ ಕಣೇ. ಇದಕ್ಕೆ ಬರೋದು ಕನ್ನಡ ಮಾತ್ರ. ತೋರಿಸು, ಕಳಿಸು, ಅಳಿಸು. ಯಾವ ದೇಶದ ಕಳ್ಳ ಬಂದು ಕನ್ನಡದಲ್ಲಿ ಅಪ್ಪಣೆ ಕೊಡ್ತಾನೆ ಹೇಳು?"

"ವ್ಯಾಕರಣ ಗೊತ್ತಾ ಅದಕ್ಕೆ?"

"'ಎಲ್ಲ' ಅಂತ ಶುರುವಾದ್ರೆ ಸಾಕು, ಅರ್ಥ ಮಾಡ್ಕೊಳತ್ತೆ. ವಿಭಕ್ತಿ ಪ್ರತ್ಯಯ ಕಟ್ಕೊಂಡು ಅದಕ್ಕೇನಾಗ್ಬೇಕು, ಪರೀಕ್ಷೆ ಬರೀತದಾ?"

ಅವಳು ಹುಬ್ಬೇರಿಸಿದಳು. ಆ ಹುಬ್ಬನ್ನು ಅವನು ಆಗಲೇ ಓದಿಕೊಳ್ಳಬೇಕಿತ್ತು. ಊರವರ ಕಣ್ಣಿಗೆ ಕನ್ನಡಕ ಹಾಕುವವನಿಗೆ ಮನೆಯೊಳಗಿನ ಅಕ್ಷರ ಕಾಣಲಿಲ್ಲ.

ಹೆಂಡತಿಯ ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ತಾಯಿ ಹೋದ ಮೇಲೆ ತಂಗಿಯನ್ನು ಎತ್ತಿ ಆಡಿಸಿ ಓದಿಸಿದವಳು ಅವಳೇ. ಅವಳಿಗೆ ಒಂದು ದಿನ ಸಂಜೆ ಆಸ್ಪತ್ರೆಯ ಸಭಾಂಗಣದಲ್ಲಿ ನಿವೃತ್ತಿಯ ಬೀಳ್ಕೊಡುಗೆ. ತಂಗಿ ಭಾಷಣ ಮಾಡಬೇಕು, ಹಿಂದಿನ ಪರದೆಯ ಮೇಲೆ ಹಳೇ ಫೋಟೋಗಳು ಒಂದೊಂದಾಗಿ ಬರಬೇಕು. ಒದ್ದೆಯಾಗಿ ಅಂಟಿಕೊಂಡಿದ್ದ ಆಲ್ಬಮ್ಮಿನಿಂದ ಅವನ್ನು ಹೇಗೋ ಬಿಡಿಸಿ ಪೆಟ್ಟಿಗೆಗೆ ಸೇರಿಸಿದ್ದಾಗಿತ್ತು. ಬಿಡಿಸುವಾಗ ಮೂಲ ಫೋಟೋಗಳು ಹರಿದು ಚಿಂದಿಯಾಗಿದ್ದವು.

"ಪೆನ್ ಡ್ರೈವಲ್ಲೂ ಒಂದು ಹಾಕ್ಕೊಡಿ ರೀ."

"ನನ್ನ ಮೇಲೆ ನಂಬಿಕೆ ಇಲ್ವಾ? ಅದರೊಳಗೇ ಇನ್ನೊಂದು ನಕಲು ಇದೆ."

ಆ ದಿನ ಬೆಳಿಗ್ಗೆ ಅವಳು ಎರಡು ಭಾಷಣ ಬರೆದು ಮುಗಿಸಿದಳು. ಸಭೆ ನೋಡಿಕೊಂಡು ಯಾವುದಾದರೊಂದು ಓದುವ ಯೋಚನೆ. ಮೊದಲನೆಯದನ್ನು ಪೆಟ್ಟಿಗೆಗೆ ಸೇರಿಸುವಾಗ ತನ್ನ ಗುರುತಿಗೆಂದು ಹೀಗೆ ಹೆಸರಿಟ್ಟಳು: ಬೀಳ್ಕೊಡುಗೆ ಭಾಷಣ; ಎಲ್ಲರನ್ನೂ ನಗಿಸು.

"ರೀ, ಇದು 'ನಗಿಸು ನನಗೆ ಗೊತ್ತಿಲ್ಲ' ಅಂತಿದೆ."

ಅವನು ಬಚ್ಚಲಲ್ಲಿ ಗಡ್ಡ ಹೆರೆಯುತ್ತಿದ್ದ. "ಮಾಡಿದೋನಿಗೇ ಗೊತ್ತಿಲ್ಲ, ಇನ್ನು ಅದಕ್ಕೆಲ್ಲಿಂದ ಗೊತ್ತಿರತ್ತೆ" ಎಂದು ತನ್ನ ಹಾಸ್ಯಕ್ಕೆ ತಾನೇ ನಕ್ಕು, ಕೆನ್ನೆ ಕೊಯ್ದುಕೊಂಡ.

ಎರಡನೆಯದು ಕರುಳು ಹಿಂಡುವ ಭಾಷಣ. ಅವಳು ಹೆಸರಿಟ್ಟಳು: ಬೀಳ್ಕೊಡುಗೆ ಭಾಷಣ; ಎಲ್ಲರನ್ನೂ ಅಳಿಸು.

"ಈಗ 'ಅಪ್ಪಣೆ ಯಜಮಾನರೇ' ಅಂತು. ಒಳ್ಳೇ ಮರ್ಯಾದಸ್ಥ ಪೆಟ್ಟಿಗೆ."

ಅವನ ಕೈಯ ಬ್ಲೇಡು ನಿಂತಿತು. "ಏನಂತ ಬರೆದೆ?"

ಅವಳು ಓದಿದಳು. ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡೇ ಅವನು ಓಡಿ ಬಂದು ಚಪ್ಪಲಿ ಸ್ಟ್ಯಾಂಡಿನ ಮುಂದೆ ಮಂಡಿಯೂರಿದ. ಪೆಟ್ಟಿಗೆ ಪ್ರಾಮಾಣಿಕವಾಗಿ ಕೆಲಸ ಮುಗಿಸಿತ್ತು. ಭಾಷಣ ಇಲ್ಲ, ಫೋಟೋ ಇಲ್ಲ, ಒಳಗಿದ್ದ ಇನ್ನೊಂದು ನಕಲೂ ಇಲ್ಲ. ಅಳಿಸುವುದು ಎಂದರೆ ಒರೆಸಿ ಹಾಕುವುದು ಎಂದಷ್ಟೇ ಅದಕ್ಕೆ ಕಲಿಸಿದ್ದು. ಕಣ್ಣೀರು ತರಿಸುವುದೂ ಅದೇ ಮಾತು ಎಂದು ಅದಕ್ಕೆ ಹೇಳಿದವರಾರು?

"ನೋಡ್ಕೊಂಡು ಹೆಸರಿಡಬಾರದಾ ನೀನು?" ಅವನ ಬಾಯಿಂದ ಬಂದೇ ಬಿಟ್ಟಿತು.

ಅವಳು ಕೂಗಲಿಲ್ಲ. ಕರಡಿನಲ್ಲಿ ತಪ್ಪು ಸಿಕ್ಕಾಗ ಮಾತಾಡುವ ತಣ್ಣನೆಯ ದನಿಯಲ್ಲಿ ಅಂದಳು: "ಹೆಸರು ಹೆಸರೇ; ಅದು ಆಜ್ಞೆಯಲ್ಲ. ಕೊನೆಗೆ ಹೇಳಿದವರ ಮೇಲೆ ಗೂಬೆ ಕೂರಿಸುವುದು ನಾಚಿಕೆಗೇಡು. ಯಾರು ಬರೆದಿದ್ದು ರೀ ಇದು?"

ನೊರೆ ಒಣಗಿ ಮುಖ ಬಿಗಿಯುತ್ತಿತ್ತು. ಅವನು ಪೆಟ್ಟಿಗೆಯ ತಿರುಪು ಬಿಚ್ಚತೊಡಗಿದ.

"ಅಕ್ಕನ ಮುಂದೆ ಏನು ಹಿಡ್ಕೊಂಡು ನಿಲ್ಲಲಿ?" ಎಂದಾಗ ಮಾತ್ರ ಅವಳ ದನಿ ಒಡೆಯಿತು. ಆ ದಿನ ಆ ಮನೆಯಲ್ಲಿ ಮೊದಲು ಅತ್ತವಳು ಅವಳೇ. ಅವನು ಸಂಜೆಯವರೆಗೂ ಪೆಟ್ಟಿಗೆಯನ್ನು ಬಿಚ್ಚಿ ಕಟ್ಟಿ, ಬೇಡಿ, ಬೈದು ನೋಡಿದ. ಅದು ಪ್ರತಿ ಸಲವೂ "ಅಪ್ಪಣೆ ಯಜಮಾನರೇ" ಎಂದಿತೇ ಹೊರತು ಒಂದು ಫೋಟೋವನ್ನೂ ವಾಪಸು ಕೊಡಲಿಲ್ಲ.

ಸಭಾಂಗಣದಲ್ಲಿ ಅವಳು ಬರಿಗೈಯಲ್ಲಿ ನಿಂತಳು. ಹಿಂದೆ ಬಿಳೀ ಪರದೆ.

"ಇಲ್ಲಿ ಒಂದು ಫೋಟೋ ಕಾಣಬೇಕಿತ್ತು" ಎಂದು ಶುರುಮಾಡಿದಳು. "ಅಕ್ಕ ಹೊಸ ಸಮವಸ್ತ್ರ ಹಾಕ್ಕೊಂಡು ಮೊದಲನೇ ದಿನ ಕೆಲಸಕ್ಕೆ ಹೊರಟಿದಾಳೆ. ನಾನು ಬಿಡ್ತಾ ಇಲ್ಲ, ಸೊಂಟದ ಮೇಲೆ ಕೂತಿದೀನಿ. ಅವಳ ಬಿಳೀ ಟೋಪಿ ನನ್ನ ಬಾಯಲ್ಲಿದೆ. ಅವತ್ತು ಅವಳು ಎಂಜಲು ಟೋಪಿ ಹಾಕ್ಕೊಂಡೇ ಡ್ಯೂಟಿ ಮಾಡಿದಳು."

ಮುಂದಿನ ಸಾಲಿನ ನರ್ಸುಗಳು ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನ ಕನ್ನಡಕದಂಗಡಿಯವನೂ ಕನ್ನಡಕ ತೆಗೆದ.

"ಆ ಫೋಟೋ ಯಾಕಿಲ್ಲ ಅಂದ್ರೆ" ಎಂದು ಅವಳು ಮುಂದುವರಿಸಿದಾಗ ಅವನು ಅದನ್ನು ಗಡಿಬಿಡಿಯಿಂದ ಮತ್ತೆ ಹಾಕಿಕೊಂಡ. ಅವಳು ಚಪ್ಪಲಿ ಸ್ಟ್ಯಾಂಡಿನಿಂದ ಹಿಡಿದು ಅರ್ಧ ಹೆರೆದ ಗಡ್ಡದವರೆಗೆ ಒಂದನ್ನೂ ಬಿಡದೆ ಹೇಳಿದಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅತ್ತಿದ್ದವರೂ ನಗುತ್ತ, ನಗುತ್ತಿದ್ದವರೂ ಕಣ್ಣೊರೆಸಿಕೊಳ್ಳುತ್ತ, ಎರಡೂ ಭಾಷಣಗಳು ಒಂದರಲ್ಲೇ ಮುಗಿದವು. ಇತ್ತ ಜನ ತಿರುಗಿ ತಿರುಗಿ ಅವನ ಗಡ್ಡ ನೋಡಿದರು; ಇನ್ನರ್ಧ ಹೆರೆಯುವುದು ಅವನಿಗೆ ಮರೆತೇ ಹೋಗಿತ್ತು.

ಕೊನೆಗೆ ಅಕ್ಕ ಅವನ ಹತ್ತಿರ ಬಂದಳು. "ಬಿಡಿ, ಆ ಫೋಟೋದಲ್ಲಿ ನಾನು ಇಷ್ಟು ಚೆನ್ನಾಗಿ ಕಾಣ್ತಿರಲಿಲ್ಲ" ಎಂದಳು. ಅದು ಕ್ಷಮೆಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ.

ಮನೆಗೆ ಬಂದವನೇ ಘೋಷಿಸಿದ: "ಇನ್ಮೇಲೆ ಈ ಮನೇಲಿ ಅರ್ಧವಿರಾಮ ನಿಷೇಧ."

"ತಪ್ಪು ನಿಮ್ಮ ಪೆಟ್ಟಿಗೇದು, ಗಲ್ಲು ನನ್ನ ಚಿಹ್ನೆಗಾ? ತೂತು ಮುಚ್ಚಿ. ಸಿಕ್ಕಿದವರು ಅಂದಿದ್ದನ್ನೆಲ್ಲ ಹಿಂದೆಮುಂದೆ ನೋಡದೆ ಮಾಡೋ ಚಾಳಿ ಬಿಡಿಸಿ."

"ಬಿಡಿಸ್ತೀನಿ. ಅಂಥ ಗುಲಾಮಗಿರಿ ನನ್ನ ಮನೇಲಿ ಇರಕೂಡದು" ಎಂದು ಅವನು ತೋಳೇರಿಸಿ ಕೂತ.

"ರೀ," ಎಂದಳು ಅವಳು. ಅರೆಗಳಿಗೆ ನಿಂತಳು, ಅರ್ಧವಿರಾಮದಷ್ಟೇ. "ಆ ಪಾತ್ರೆ ತೊಳೆದಿಡಿ."

ಅವನು ಆಗಲೇ ಎದ್ದು ನಲ್ಲಿ ತಿರುಗಿಸಿದ್ದ.