ಕೈಗವಸು ತೊಟ್ಟ ಗುರು

ಕೇಳಿಸದ ಮಾತಿಗೆಲ್ಲ ತಲೆಯಾಡಿಸುವುದು ದೇವಿದಾಸನ ಚಟ. ಸೋಮವಾರ ಬೆಳಿಗ್ಗೆ ಮ್ಯಾನೇಜರ್ ನಾಗೇಶ ಏನೋ ಕೇಳಿದ, ಇವನು ತಲೆಯಾಡಿಸಿದ. ಹತ್ತು ನಿಮಿಷಕ್ಕೆ ಹೊಸ ಬೂಟಿನ ಹುಡುಗಿಯೊಬ್ಬಳು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದಾಗಲೇ ತಾನು ಯಾರಿಗೋ ಗುರುವಾಗಿದ್ದೇನೆ ಎಂದು ಅವನಿಗೆ ಗೊತ್ತಾದದ್ದು.

ಹುಡುಗಿಯ ಹೆಸರು ಅರ್ಪಿತಾ, ನಾರಾಯಣಖೇಡದವಳು, ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ಬೇಸಿಗೆ ರಜೆಯಲ್ಲಿ ತಾಂಡೂರಿನ ಈ ಪರ್ಸಿ ಕಲ್ಲಿನ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿಯ, ಕಾರ್ಖಾನೆಯಲ್ಲಿ ಒಂದು ತಿಂಗಳ ಇಂಟರ್ನ್‌ಶಿಪ್. ಕಾಲೇಜಿನ ಫಾರ್ಮಿನಲ್ಲಿ ಮೆಂಟರ್ ಎಂದಿದ್ದ ಕಡೆ ದೇವಿದಾಸನ ಹೆಸರು ಗೀಚಿ ನಾಗೇಶ ಕೈತೊಳೆದುಕೊಂಡಿದ್ದ.

ಇನ್ನು ದೇವಿದಾಸನ ಸಂಕಟ ಕೇಳಿ. ಬಶೀರಾಬಾದಿನಿಂದ ದಿನಾ ಬಸ್ಸಿಗೆ ಬಂದು ಇಪ್ಪತ್ತೆರಡು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಸಣ್ಣ ಸುತ್ತಿಗೆಯಿಂದ ಕಲ್ಲು ತಟ್ಟಿ ನೋಡುವುದು. ಖಣ್ ಎಂದರೆ ಗಟ್ಟಿ, ಬದ್ ಎಂದರೆ ಒಳಗೆ ಬಿರುಕು. ಕಟಿಂಗ್ ಮಿಷಿನ್ನಿನ ಗದ್ದಲಕ್ಕೆ ಎರಡು ವರ್ಷದಿಂದ ಅವನ ಎರಡೂ ಕಿವಿ ಕೈಕೊಟ್ಟಿದ್ದವು. ಅಂದಿನಿಂದ ಎಡಗೈ ಕಲ್ಲಿನ ಮೇಲಿಟ್ಟು ತಟ್ಟಿ, ಬೆರಳಿಗೆ ಬರುವ ನಡುಕದಿಂದಲೇ ಗಟ್ಟಿಯೋ ಬಿರುಕೋ ಹೇಳುತ್ತಿದ್ದ. ಒಂದೂ ತಪ್ಪಿರಲಿಲ್ಲ. ಇದು ಹೆಂಡತಿ ಜಗದೇವಿಯನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕಾರ್ಖಾನೆಯ ಸಾವುಕಾರರಿಗೆ ತಿಳಿದರೆ ಅಂದೇ ಮನೆಗೆ ಕಳಿಸುತ್ತಾರೆ. ಕಿವುಡನಿಗೆ ಕಲ್ಲು ತಟ್ಟುವ ಕೆಲಸ ಯಾರು ಕೊಡುತ್ತಾರೆ, ನೀವೇ ಹೇಳಿ.

ಶಿಷ್ಯೆ ಬಾಯಿ ಬಿಟ್ಟರೆ ಪ್ರಶ್ನೆ.

"ಕಾಕಾ, ಈ ಕಲ್ಲು ಛಲೋ ಅದೇನ್ರಿ?"

ತಲೆಯಾಡಿಸಿದ.

"ಒಡ್ದದೇನ್ರಿ?"

ಅದಕ್ಕೂ ತಲೆಯಾಡಿಸಿದ. ಅವಳು ಎರಡನ್ನೂ ಶ್ರದ್ಧೆಯಿಂದ ಬರೆದುಕೊಂಡಳು.

ಚಹಾದ ಭೀಮಮ್ಮ ಬಂದಳು. "ಗುರು ಆಗೀದಿ, ಎಲ್ಲಾರಿಗೂ ಮಿರ್ಚಿ ಭಜಿ ತಿನಸ್ತಿ ಇಲ್ಲೋ?"

ಮತ್ತೆ ತಲೆಯಾಡಿತು. ಹನ್ನೊಂದು ಗಂಟೆಗೆ ಇಪ್ಪತ್ತು ಮಂದಿ ಬಾಯೊರೆಸಿಕೊಳ್ಳುತ್ತ ಬಂದು ಅವನಿಗೆ ಕೈಮುಗಿದು ಹೋದರು. ಯಾಕೆಂದು ಪಾಪ ಅವನಿಗೆ ತಿಳಿಯಲೇ ಇಲ್ಲ.

ಮಧ್ಯಾಹ್ನ ಅರ್ಪಿತಾ ಬ್ಯಾಗಿನಿಂದ ಹಾಸಿಗೆಯಷ್ಟು ದಪ್ಪದ ಕೈಗವಸು ತೆಗೆದಳು. ಮೆಂಟರ್ ಗವಸು ತೊಟ್ಟು ಕೆಲಸ ಮಾಡುವ ಫೋಟೋ ಕಾಲೇಜಿಗೆ ಕಳಿಸಬೇಕಂತೆ.

"ನಕ್ಕೋ ಬೇಟಾ, ಬ್ಯಾಡ," ದೇವಿದಾಸ ಕೈ ಹಿಂದಕ್ಕೆ ಎಳೆದುಕೊಂಡ.

"ಹುಡುಗಿ ಪಾಸ್ ಆಗೋದು ಬ್ಯಾಡೇನು? ಹಾಕ್ಕೋ ಸುಮ್ನ," ಎನ್ನುತ್ತ ನಾಗೇಶ ತಾನೇ ಎರಡೂ ಕೈಗೆ ತುರುಕಿದ.

ಸಾವುಕಾರ ನಂದಕಿಶೋರ ಆಗಲೇ ಜಹೀರಾಬಾದಿನ ದೊಡ್ಡ ಗಿರಾಕಿಯನ್ನು ಕರೆದುಕೊಂಡು ಬರಬೇಕೆ. "ನಮ್ಮ ದೇವಿದಾಸನ ಕಿವಿ ನೋಡ್ರಿ. ಕಲ್ಲಿನ ಹೊಟ್ಟ್ಯಾಗ ಏನದ ಹೇಳ್ತಾನ."

ದೇವಿದಾಸ ತಟ್ಟಿದ. ಗವಸಿನೊಳಗಿನ ಕೈಗೆ ಏನೂ ತಿಳಿಯಲಿಲ್ಲ. ದೇವರ ಮೇಲೆ ಭಾರ ಹಾಕಿ "ಛಲೋ ಅದರಿ" ಎಂದ. ಇಬ್ಬರು ಆಳುಗಳು ಎತ್ತಿದ ಕೂಡಲೇ ಕಲ್ಲು ನಡುವೆ ಮುರಿದು, ಅರ್ಧ ತುಂಡು ಗಿರಾಕಿಯ ಬೂಟಿನಿಂದ ಒಂದು ಗೇಣು ದೂರಕ್ಕೆ ಬಿತ್ತು.

ಗಿರಾಕಿ ಬಂದ ದಾರಿಗೇ ತಿರುಗಿ ಕಾರು ಹತ್ತಿದ. ಸಾವುಕಾರನ ಬಾಯಿ ಬಹಳ ಹೊತ್ತು ತೆರೆದು ಮುಚ್ಚಿ ಮಾಡುತ್ತಿತ್ತು. ಕಿವಿ ಹೋದದ್ದಕ್ಕೆ ದೇವಿದಾಸನಿಗೆ ಸಮಾಧಾನವಾದದ್ದು ಆ ಹೊತ್ತಿನಲ್ಲಿ ಮಾತ್ರ.

ಎಲ್ಲರೂ ಹೋದ ಮೇಲೆ ಅವನು ಗವಸು ಕಿತ್ತೆಸೆದು, ಬರಿಗೈಯನ್ನು ಇನ್ನೊಂದು ಕಲ್ಲಿನ ಮೇಲಿಟ್ಟು ಕುಳಿತ. ಅರ್ಪಿತಾ ಹಿಂದಿನಿಂದ ಎರಡು ಸಲ ಕರೆದಳು. ಅವನು ತಿರುಗಲಿಲ್ಲ. ಅವಳು ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು, ನಿಧಾನವಾಗಿ ಕೇಳಿದಳು. "ಕಾಕಾ, ನಿಮಗ ಕೇಳ್ಸಂಗಿಲ್ಲ, ಹೌದಲ್ರಿ?"

ಅವಳ ತುಟಿಯ ಮೇಲೆ ಆ ಮಾತು ಸ್ಪಷ್ಟವಾಗಿತ್ತು. ಅವನ ಕಣ್ಣು ತುಂಬಿತು. "ಯಾರಿಗೂ ಹೇಳಬ್ಯಾಡವ್ವ. ನನ್ನ ಮಗಳೂ ನಿನ್ನಂಗ ಓದಾಕ ಹತ್ಯಾಳ."

ಹುಡುಗಿ ಎದ್ದವಳೇ ಸೀದಾ ಸಾವುಕಾರನ ಗಾಜಿನ ಕೋಣೆಗೆ ಹೋದಳು. ಮುಗಿಯಿತು ಎಂದುಕೊಂಡು ದೇವಿದಾಸ ಬುತ್ತಿ ಡಬ್ಬಿಯನ್ನು ಟವೆಲ್ಲಿನಲ್ಲಿ ಕಟ್ಟಿದ.

ಒಳಗೆ ಅವಳು ಕಿವಿಯ ಸುದ್ದಿಯನ್ನೇ ಎತ್ತಲಿಲ್ಲ. "ತಪ್ಪು ನನ್ನ ಗವಸಿಂದು ರಿ, ಸುತ್ತಿಗಿ ಸರಿ ಬೀಳಲಿಲ್ಲ. ಇಷ್ಟು ಅನುಭವ ಇದ್ದವರನ್ನ ಈ ಗದ್ದಲದಾಗ, ಧೂಳಿನಾಗ ಇಟ್ರ ಹ್ಯಾಂಗ್ರಿ? ಒಳಗ ಕುಂಡ್ರಸ್ರಿ," ಎಂದು ಅತ್ತೇ ಬಿಟ್ಟಳು. ಸಾವುಕಾರನ ಮನಸ್ಸು ಕರಗಿತು. ಅವನೇ ಹೊರಗೆ ಬಂದು ದೇವಿದಾಸನ ಕೈ ಹಿಡಿದು ಕರೆದೊಯ್ದು, ಫ್ಯಾನಿನ ಕೆಳಗೆ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ ಹೇಳಿದ, "ಇವತ್ತಿಂದ ಒಡೆದ ಕಲ್ಲಿನ ತಕರಾರು ಬಂದ್ರ ನೀನೇ ಫೋನಿನ್ಯಾಗ ಮಾತಾಡಿ ಬಗೆಹರಸ್ಬೇಕು. ನಿನಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಅರ್ಪಿತಾಳ ಮುಖ ಬಿಳಿಚಿಕೊಂಡಿತು.

ಮೇಜಿನ ಮೇಲಿನ ಫೋನು ರಿಂಗಾಗತೊಡಗಿತು. ನಿಂತು, ಮತ್ತೆ ರಿಂಗಾಯಿತು. ಸಾವುಕಾರ, ನಾಗೇಶ, ಭೀಮಮ್ಮ ಎಲ್ಲರೂ ದೇವಿದಾಸನ ಮುಖವನ್ನೇ ನೋಡುತ್ತ ನಿಂತರು. ಎಲ್ಲರೂ ತನ್ನ ಗೌರವಕ್ಕೆ ನಿಂತಿದ್ದಾರೆಂದುಕೊಂಡು ಅವನು ಎದ್ದು ಒಬ್ಬೊಬ್ಬರಿಗೂ ಕೈಮುಗಿದ, ಮತ್ತೆ ಕುಳಿತು ಫ್ಯಾನಿನ ಗಾಳಿಗೆ ಮುಖ ಒಡ್ಡಿದ.